ಬೀಗರ ಎಲೆಯ ಹೋಳಿಗೆ

ಮದುವೆಯೂಟದ ಪಂಕ್ತಿಯಲ್ಲಿ ವರನ ಸೋದರಮಾವ ಗಂಗಾಧರಯ್ಯನವರು ಫೋನಿನಿಂದ ಕಣ್ಣು ಕೀಳದೆಯೇ ಗುಡುಗಿದರು. "ನಮಗ್ಯಾಕ್ರೀ ಹೋಳಿಗೆ ಬಡಿಸಿಲ್ಲ? ಇದೇನಾ ಬೀಗರ ಉಪಚಾರ? ದಿಬ್ಬಣ ಈಗಲೇ ವಾಪಸ್ ಹೊರಡುತ್ತೆ."

ಹೆಣ್ಣಿನ ತಂದೆಗೆ ಬೆವರಿಳಿಯಿತು. ಬಡಿಸುವ ಕೆಂಚಪ್ಪ "ಇನ್ನೊಂದು ಹಾಕ್ಲಾ?" ಎಂದು ಕೇಳಿದಾಗಲೆಲ್ಲ ಬೀಗರು ಹೂಂ ಅಂದಿದ್ದರು, ಅವನು ಹಾಕಿದ್ದ. ಆದರೆ ಬೀಗರಿಗೆ ಎದುರು ಮಾತಾಡುವುದುಂಟೆ? ಅವನು ಹೆಣ್ಣಿನ ತಂದೆಯ ಫೋನು ಇಸಕೊಂಡು ಒಂದು ಫೋಟೊ ತೆಗೆದು ಬೀಗರಿಗೆ ಕಳಿಸಿದ.

ನೋಡಿ ಬೀಗರ ಮುಖ ಇನ್ನಷ್ಟು ಕೆಂಪಾಯಿತು. "ಯಾರದ್ರೀ ಈ ಎಲೆ? ಹೋಳಿಗೆ ಗುಡ್ಡೆ ಹಾಕಿದ್ದೀರಿ, ತುಪ್ಪ ಹರಿದು ಪಂಚೆಗೆ ಇಳೀತಿದೆ. ಅವರಿಗೊಂದು ಮರ್ಯಾದೆ, ನಮಗೊಂದಾ?"

ಕೆಂಚಪ್ಪ ಕೈಮುಗಿದ. "ಫೋನ್ ಒಂಚೂರು ಪಕ್ಕಕ್ಕೆ ಹಿಡೀರಿ ಸ್ವಾಮಿ, ಅವರೇ ಕಾಣ್ತಾರೆ."

ಬೀಗರು ಮೊದಲು ಮುಟ್ಟಿ ನೋಡಿಕೊಂಡಿದ್ದು ಪಂಚೆಯನ್ನು.