ಕೂಗದ ಮರಿ

“ಮೇಡಂ, ನಾಲ್ವರೂ ಕಾಯಿಲೆಯವರೇ ಆದರೆ ಮೊದಲು ಯಾರ ಬಳಿಗೆ ಹೋಗಬೇಕು?” ಎಂದು ಅಂಬಿಕಾ ಕೇಳಿದಳು.

ವಯಸ್ಕರ ಶುಶ್ರೂಷೆಯ ಪರೀಕ್ಷೆ ಹತ್ತಿರ ಬಂದಿತ್ತು. ಹೋದ ಸಲ ಅವಳು ಇಂಥ ಪ್ರಶ್ನೆಗಳಲ್ಲೇ ಎಡವಿ ಫೇಲಾಗಿದ್ದಳು. ಈ ಸಲವೂ ಹಾಗಾದರೆ ನರ್ಸಿಂಗ್ ಬಿಟ್ಟು ಬಾ ಎಂದು ಅಪ್ಪ ಹೇಳಿಬಿಟ್ಟಿದ್ದರು. ಅದನ್ನು ಅವಳು ಹಾಸ್ಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಲೆತೀಷಿಯಾ ಮೇಡಂ ಬಹುಕಾಲ ವಾರ್ಡಿನಲ್ಲಿದ್ದು ಆಮೇಲೆ ಪಾಠಕ್ಕೆ ಬಂದವರು. ಪುಸ್ತಕ ಇಸಿದುಕೊಂಡು ಪ್ರಶ್ನೆ ಓದಿದರು. ಒಬ್ಬ ಕಾಲು ನೋವೆಂದು ಕೂಗುತ್ತಾನೆ. ಒಬ್ಬಳಿಗೆ ವಾಂತಿ. ಒಬ್ಬ ಮನೆಗೆ ಕಳಿಸಿ ಎಂದು ಹಟ ಹಿಡಿದಿದ್ದಾನೆ. ಬೆಳಿಗ್ಗೆ ಚೆನ್ನಾಗಿ ಮಾತಾಡುತ್ತಿದ್ದ ಇನ್ನೊಬ್ಬ ಈಗ ಸುಮ್ಮನೆ ಮಲಗಿದ್ದಾನೆ.

“ನೀನು ಯಾರ ಬಳಿಗೆ ಹೋದೆ?”

“ಕೂಗುವವನ ಬಳಿಗೆ.”

“ಕಿವಿ ಇದ್ದವರೆಲ್ಲ ಅಲ್ಲಿಗೇ ಹೋಗುತ್ತಾರೆ ಬಿಡು,” ಎಂದು ಮೇಡಂ ನಕ್ಕರು. “ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಬ್ಬ ಕುರಿಗಾಹಿಯ ಮನೆಗೆ ಹೊಸ ಸೊಸೆ ಬಂದಳು. ದೊಡ್ಡ ಕುರಿಗಳು ಮೇಯಲು ಹೋದಾಗ ಹಟ್ಟಿಯಲ್ಲಿ ಉಳಿಯುವ ಮರಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಒಂದು ದಿನ ಅವಳಿಗೆ ಕೈ ಬಿಡುವೇ ಇಲ್ಲ. ಒಂದು ಮರಿ ಮುಳ್ಳು ತುಳಿದು ಅರಚಿತು, ಮುಳ್ಳು ತೆಗೆದಳು. ಒಂದು ಬೇಲಿಯಲ್ಲಿ ತಲೆ ಸಿಕ್ಕಿಸಿಕೊಂಡು ಊರಿಗೆಲ್ಲ ಕೇಳುವಂತೆ ಕೂಗಿತು, ಬಿಡಿಸಿದಳು. ಇನ್ನೊಂದಕ್ಕೆ ಏನೂ ಆಗಿರಲಿಲ್ಲ, ಆದರೂ ಅವಳೇ ಬೇಕು. ಅದನ್ನು ಕಂಕುಳಲ್ಲಿ ಎತ್ತಿಕೊಂಡೇ ಓಡಾಡಿದಳು. ಮೂಲೆಯಲ್ಲಿ ಒಂದು ಮರಿ ತಲೆ ತಗ್ಗಿಸಿ ನಿಂತಿತ್ತು. ಸೊಸೆ ಅದನ್ನು ನೋಡಿ, “ಇಷ್ಟರಲ್ಲಿ ನೀನೊಬ್ಬನೇ ಜಾಣ” ಎಂದಳು.

ಸಂಜೆ ಕುರಿಗಳು ಮರಳಿದವು. ಮರಿಗಳೆಲ್ಲ ತಾಯಂದಿರ ಕೆಚ್ಚಲಿಗೆ ಮುಗಿಬಿದ್ದವು. ಮೂಲೆಯ ಮರಿ ತಾಯಿ ಕರೆದರೂ ಕದಲಲಿಲ್ಲ. ಹಿಂದೆಯೇ ಬಂದ ಅತ್ತೆ ಆ ಗದ್ದಲವನ್ನು ದಾಟಿ ನೇರವಾಗಿ ಅದರ ಬಳಿಗೆ ಹೋದಳು. ಅದರ ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿದಿತ್ತು. ಎಣ್ಣೆ ಕುಡಿಸಿದಳು. ಮಡಿಲಲ್ಲಿ ಇಟ್ಟುಕೊಂಡು, ಗಾಳಿ ಹೋಗುವವರೆಗೂ ಹೊಟ್ಟೆ ನೀವಿದಳು. ಮರಿ ಉಳಿಯಿತು.

ಸೊಸೆ ಕಣ್ಣೊರೆಸಿಕೊಂಡು, “ಅದು ಒಂದು ಸಲವೂ ಕೂಗಲಿಲ್ಲ ಅತ್ತೆ,” ಎಂದಳು.

“ಕೂಗುವುದಕ್ಕೂ ಕಸುವು ಬೇಕಲ್ಲವೇ ಮಗಳೇ?” ಎಂದಳು ಅತ್ತೆ.

ಕತೆ ಮುಗಿಯಿತು. ಅಂಬಿಕಾಳ ಮುಖ ತಿಳಿಯಾಯಿತು.

“ಗೊತ್ತಾಯಿತು ಮೇಡಂ. ಸುಮ್ಮನೆ ಮಲಗಿದವನ ಬಳಿಗೆ ಹೋಗಬೇಕು. ಮುಂದಿನ ಪ್ರಶ್ನೆ ಕೇಳಲೇ?” ಎಂದು ಅವಳು ಮೇಡಂ ಕೈಯಲ್ಲಿದ್ದ ಪುಸ್ತಕದ ಹಾಳೆ ತಿರುವಿದಳು.

ಮೇಡಂ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

“ನಿನ್ನ ಗೆಳತಿಯರೆಲ್ಲ ಪರೀಕ್ಷೆಗೆ ಹೆದರಿ ಒಬ್ಬೊಬ್ಬರಾಗಿ ಬಂದು ನನ್ನೆದುರು ಅತ್ತು ಹೋದರು ಮಗಳೇ, ನೀನೊಬ್ಬಳು ಮಾತ್ರ ಪ್ರಶ್ನೆ ಕೇಳುತ್ತಿದ್ದೀಯ.”

“ಈ ಸಲವೂ ಫೇಲಾದರೆ ನರ್ಸಿಂಗ್ ಬಿಟ್ಟು ಬಾ ಎಂದಿದ್ದಾರೆ ಅಪ್ಪ,” ಎಂದಳು ಅಂಬಿಕಾ.