ಚೋಂದಮ್ಮನ ಎಡಗೈ ಗುರಿ

ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಎಡಚಿ ಚೋಂದಮ್ಮ ಕೋವಿ ಎತ್ತಿದ್ದೇ ತಡ, ಸುಬೇದಾರ್ ಮಾದಯ್ಯ ಮೀಸೆ ತಿರುವುತ್ತ ಅಡ್ಡ ಬಂದ.

"ಏ ಎಡಚಿ, ಗುಂಡು ತುಂಬುವ ಹಿಡಿ ಎತ್ತ ಇದೆ ನೋಡು. ಇದು ಬಲಗೈಯವರಿಗೆ ಮಾಡಿದ ಕೋವಿ. ಬಲ ಹೆಗಲಿಗಿಟ್ಟು ಹೊಡಿ, ಇಲ್ಲ ಪಂದ್ಯ ಬಿಟ್ಟು ನಡಿ!"

ಎಂಥಾ ಹೊಟ್ಟೆಕಿಚ್ಚು ನೋಡಿ! ಹೋದ ವರ್ಷ ಅವನ ಸೊಸೆ ಇವಳೆದುರು ಸೋತಿದ್ದು ಊರಿಗೆಲ್ಲ ಗೊತ್ತು. ಚೋಂದಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ನಾಲಿಗೆಗೆ ಬೆಲ್ಲ ಸವರಿಕೊಂಡಳು.

"ಆಗಲಿ ಮಾವ. ಬಾರದ ಕೈಯಲ್ಲಿ ಹೊಡೆಯೋದು ಹೇಗೇಂತ ನೀವೇ ಒಮ್ಮೆ ತೋರಿಸಿ. ನಿಮಗೆ ಬಾರದ್ದು ಎಡಗೈ ಅಲ್ಲವಾ?"

ಅಷ್ಟು ಜನರೆದುರು ಆಗಲ್ಲ ಅನ್ನಲು ಆ ಮೀಸೆ ಬಿಡಬೇಕಲ್ಲ! ಕೋವಿಯನ್ನು ಎಡ ಹೆಗಲಿಗಿಟ್ಟ. ಬಲಗಣ್ಣು ಮುಚ್ಚಲು ಹೋದರೆ ಎಡಗಣ್ಣೂ ಮುಚ್ಚಿಕೊಂಡಿತು. ಮುಖ ಕಿವುಚಿದ, ತುಟಿ ಸೊಟ್ಟ ಮಾಡಿದ, ಕೊನೆಗೆ ಎರಡೂ ಕಣ್ಣು ಮುಚ್ಚಿಯೇ ಢಂ ಅನ್ನಿಸಿದ. ಕಾಯಿ ಅಲುಗಲಿಲ್ಲ, ಕಾಗೆಗಳು ಹಾರಿದವು. ಮೊದಲು ನಕ್ಕವಳು ಅವನ ಸೊಸೆಯೇ.

ಚೋಂದಮ್ಮ ಎಡ ಹೆಗಲಿಗೇ ಇಟ್ಟು ಒಂದೇ ಗುಂಡಿಗೆ ಕಾಯಿ ಒಡೆದಳು. ಬಿದ್ದ ಹೋಳೊಂದನ್ನು ಹೆಕ್ಕಿ ತಂದು ಮಾದಯ್ಯನ ಮುಂದೆ ಹಿಡಿದಳು.

"ತಗೊಳ್ಳಿ ಮಾವ. ಕೊಡೋದು ಮಾತ್ರ ಬಲಗೈಯಲ್ಲೇ ಕೊಡ್ತೀನಿ."