ಬೇವಿನ ಮರದಡಿ ನಿಂತ ಕಾರು

ನಮ್ಮೂರ ಡ್ರೈವರ್ ಹುಲುಗಪ್ಪನಂಥ ತಲೆ ಪಟ್ಟಣದಾಗ ಹುಡುಕಿದರೂ ಸಿಗೂದಿಲ್ಲ. ಅವನ ಧಣಿ, ರೈಸ್‌ಮಿಲ್ ಮಾಲೀಕ ಪಂಪಣ್ಣ ಒಂದಿನ ಅವನ ಮೇಲೆ ಗುಡುಗಿದ: "ಈ ತಿಂಗಳು ಕಾರಿನ ಪೆಟ್ರೋಲ್ ಖರ್ಚು ಅರ್ಧ ಆಗಬೇಕು. ಇಲ್ಲಾಂದ್ರ ಕೆಲಸ ಬಿಡು."

"ಆತ್ರಿ," ಅಂದ ಹುಲುಗಪ್ಪ. ಅಂದಿನಿಂದ ಕಾರನ್ನು ಪಂಪಣ್ಣನ ಮನೆ ಮುಂದೆ ನಿಲ್ಲಿಸದೆ ಊರ ನಡುವಿನ ಬೇವಿನ ಮರದಡಿ ನಿಲ್ಲಿಸಿದ. "ನೆರಳಿದ್ರ ಬಣ್ಣ ಬಾಳಿಕೆ ಬರ್ತೈತ್ರಿ."

ತಿಂಗಳಿಗೆ ಪೆಟ್ರೋಲ್ ಅರ್ಧಕ್ಕಿಂತ ಕೆಳಗಿಳಿಯಿತು. ಪಂಪಣ್ಣ ಬಾನೆಟ್ ಎತ್ತಿ ಇಣುಕಿದ, ಬಗ್ಗಿ ಕೆಳಗೂ ನೋಡಿದ. "ಏನ್ ಹಾಕೀಯೋ ಇದಕ್ಕ?"

"ಏನೂ ಇಲ್ರಿ. ನೀವು ದಿನಾ ಹೋಗೂ ಚಹಾದಂಗಡಿ, ಕ್ಷೌರದಂಗಡಿ ಎಲ್ಲಾ ಈ ಮರದ ಸುತ್ತಾನ ಅದಾವು. ಕಾರು ಹತ್ತಾಕ ನಡ್ಕೊಂಡು ಬರೂದ್ರಾಗ ನೀವು ಹೋಗೂ ಜಾಗಾನೇ ಬಂದಿರ್ತೈತಿ."

ಪಂಪಣ್ಣನ ಮುಖ ಕೆಂಪಾಯಿತು. "ನಾಳೆಯಿಂದ ಮನಿ ಮುಂದ ನಿಲ್ಸು."

"ಆತ್ರಿ. ಪೆಟ್ರೋಲಿಗೆ ರೊಕ್ಕ ಕೊಡ್ರಿ."

ಜೇಬಿಗೆ ಹೋದ ಕೈ ಅಲ್ಲೇ ನಿಂತಿತು. "ಇರಲಿ ಬಿಡು, ಇಲ್ಲಿ ನೆರಳು ಚಲೋ ಐತಿ," ಅಂದು ಪಂಪಣ್ಣ ಚಹಾದಂಗಡಿಗೆ ನಡೆದ.